ಗೋಡೆಗೆ ಬೆಲೆ ಕಟ್ಟುವವರು

ನಮ್ಮ ಮನೆ ಮೇಲೆ ಸಾಲ ಕೇಳಿದರೆ, ಬೆಲೆ ಕಟ್ಟೋಕೆ ಬಂದವನು ಗೋಡೆಗಿಂತ ಮುಂಚೆ ಕೇರಿ ನೋಡ್ತಾನೆ. ಅದೇ ಇಟ್ಟಿಗೆ, ಅದೇ ಸಿಮೆಂಟು. ಬೆಲೆ ಮಾತ್ರ ಅರ್ಧ. ನಾವೇ ಪಟ್ಟಣದಲ್ಲಿ ಕೊಳ್ಳೋಕೆ ಹೋದರೆ ಒಂದೋ ಮನೆಯೇ ಇಲ್ಲ, ಇಲ್ಲವೇ ರೇಟು ಹೆಚ್ಚು.

ಅಮೆರಿಕದ ಕಪ್ಪು ಜನರೂ ಇದನ್ನೇ ಉಂಡವರು. 1930ರ ದಶಕದಲ್ಲಿ ಅಲ್ಲಿನ ಸರ್ಕಾರವೇ ನಕ್ಷೆಯಲ್ಲಿ ಅವರ ಬೀದಿಗಳಿಗೆ ಕೆಂಪು ಬಳಿಸಿತು. ಬ್ಯಾಂಕುಗಳು ಬಾಗಿಲು ಹಾಕಿಕೊಂಡವು. ಶಿಕಾಗೋದಲ್ಲಿ ದಲ್ಲಾಳಿಗಳು ಬಿಳಿಯರನ್ನು ಹೆದರಿಸಿ ಅಗ್ಗಕ್ಕೆ ಕೊಂಡ ಮನೆಗಳನ್ನು ಇವರಿಗೆ ದುಪ್ಪಟ್ಟು ಬೆಲೆಗೆ, ಕಂತಿನ ಕರಾರಿನಲ್ಲಿ ಮಾರಿದರು. ಒಂದು ಕಂತು ತಪ್ಪಿದರೆ ಕಟ್ಟಿದ್ದೂ ಹೋಯ್ತು, ಮನೆಯೂ ಹೋಯ್ತು. 1968ರಲ್ಲಿ ಲಾನ್‌ಡೇಲ್‌ನ ಜನ ಸಂಘ ಕಟ್ಟಿ, ಕಂತು ಕೊಡೋಲ್ಲ ಅಂತ ಕೂತರು.

ಯಾವ ಲೆಕ್ಕದಲ್ಲಿ ಕಟ್ಟಿದೆಯಪ್ಪಾ ಈ ಬೆಲೆ? ಬರೆದು ಕೊಡು ಅಂತ ನಾವೂ ಕೇಳಬೇಕು. ಒಬ್ಬೊಬ್ಬರಾಗಿ ಅಲ್ಲ, ಇಡೀ ಕೇರಿಯೇ ನಿಂತು.