ಕೂಸು ಅಳುತ್ತಿಲ್ಲ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಭಾನುವಾರದ ಸಂಜೆ. ಫ್ಯಾನು ತಿರುಗುತ್ತಿದ್ದರೂ ನಿಮ್ಮ ಬೆನ್ನ ಮೇಲೆ ಬೆವರು ಇಳಿಯುತ್ತಿದೆ. ಮಧ್ಯಾಹ್ನ ಮಗಳು ಉಗಿದ ರಾಗಿ ಸರಿ ನೈಟಿಯ ಹೆಗಲಿಗೆ ಅಂಟಿ ಒಣಗಿದೆ. ಬಟ್ಟೆ ಬದಲಿಸಲು ಪುರುಸೊತ್ತು ಸಿಕ್ಕಿಲ್ಲ. ಅವಳಿಗೆ ಒಂಬತ್ತು ತಿಂಗಳು ತುಂಬಿದೆ, ರಾತ್ರಿ ಎದ್ದು ಹಾಲು ಕುಡಿಸುವುದು ಇನ್ನೂ ತಪ್ಪಿಲ್ಲ. ಕಣ್ಣುಗಳ ಹಿಂದೆ ಸದಾ ಒಂದು ಭಾರ. ಆದರೂ ಈ ಹೊತ್ತು ಹಿತವಾಗಿದೆ. ಬೆಳಿಗ್ಗೆ ಅತ್ತೆ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರೆರೆದಿದ್ದರು, ಆಮೇಲೆ ಲೋಬಾನದ ಹೊಗೆ ಹಾಕಿದ್ದರು. ಕೂಸಿನ ನೆತ್ತಿಯಲ್ಲಿ ಆ ವಾಸನೆ ಸಂಜೆಯಾದರೂ ಉಳಿದಿದೆ. ಅವಳು ಹತ್ತಿರ ಬಂದಾಗಲೆಲ್ಲ ನೀವು ಬಗ್ಗಿ ಅದನ್ನು ಮೂಸುತ್ತೀರಿ.

ಅಡುಗೆಮನೆಯಿಂದ ಹಸಿಮೆಣಸಿನಕಾಯಿಯ ಘಾಟು ಬರುತ್ತಿದೆ. ಈ ಊರಲ್ಲಿ ಸಂಜೆಯೆಂದರೆ ಮಂಡಕ್ಕಿ. ಅತ್ತೆ ಬೆಳ್ಳುಳ್ಳಿ, ಕರಿಬೇವು, ಅರಿಶಿನದ ಜೊತೆ ಶೇಂಗಾ ಹುರಿದು ಒಗ್ಗರಣೆ ಕೊಡುತ್ತಾರೆ, ಹಳೆಯ ಪೇಪರ್ ಹಾಸಿ ಅದರ ಮೇಲೆ ರಾಶಿ ಸುರಿಯುತ್ತಾರೆ. ಮಾವ ಟಿವಿಯ ಕ್ರಿಕೆಟ್ಟಿನಿಂದ ಕಣ್ಣು ಕೀಳದೆ ಮುಕ್ಕುತ್ತಾರೆ. ನಿಮ್ಮ ಗಂಡ ಫೋನು ನೋಡುತ್ತಾ ಕೈಗೆ ಸಿಕ್ಕಷ್ಟು ಎತ್ತಿಕೊಳ್ಳುತ್ತಾರೆ. ನೆಲಕ್ಕೆ ಒಂದೆರಡು ಬೀಜ ಉದುರುತ್ತವೆ. ಉದುರದೆ ಮಂಡಕ್ಕಿ ತಿಂದ ಮನೆ ಯಾವುದಿದೆ?

ಮಗಳು ಅಂಬೆಗಾಲಿಕ್ಕುತ್ತಾ ಸೋಫಾದ ಹಿಂದಕ್ಕೆ ಹೋಗಿದ್ದಾಳೆ. ಅವಳನ್ನು ನೀವು ಕಿವಿಯಲ್ಲೇ ಕಾಯುತ್ತಿದ್ದೀರಿ. ಗೆಜ್ಜೆಯ ಸದ್ದು, ಅಂಗೈ ನೆಲಕ್ಕೆ ಬಡಿಯುವ ಪಟಪಟ, ನಡುನಡುವೆ ಅವಳದೇ ಭಾಷೆಯ ಒಂದು ಮಾತು. ಹೋದ ವಾರದವರೆಗೆ ಯಾವ ವಸ್ತುವನ್ನೇ ಆಗಲಿ ಇಡೀ ಅಂಗೈಯಿಂದ ಬಾಚುತ್ತಿದ್ದವಳು, ಈಗ ಹೆಬ್ಬೆರಳು ತೋರುಬೆರಳು ಜೋಡಿಸಿ ನೆಲದ ಮೇಲಿನ ಕೂದಲೆಳೆಯನ್ನೂ ಎತ್ತುತ್ತಾಳೆ. ಎಂಟರಿಂದ ಹತ್ತು ತಿಂಗಳ ನಡುವೆ ಮಕ್ಕಳಿಗೆ ಬರುವ ವಿದ್ಯೆ ಇದು. ಅದನ್ನು ಮೊದಲ ಸಲ ನೋಡಿದಾಗ ಮನೆಯವರೆಲ್ಲ ಸೇರಿ ಚಪ್ಪಾಳೆ ತಟ್ಟಿದ್ದಿರಿ. ಆದರೆ ಎತ್ತಿದ್ದನ್ನು ಅರೆಯಲು ದವಡೆ ಹಲ್ಲು ಬೇಕು, ಅವು ಮೂಡುವುದು ವರ್ಷ ದಾಟಿದ ಮೇಲೆ. ಸದ್ಯಕ್ಕೆ ಅವಳ ಬಾಯಲ್ಲಿರುವುದು ಕೆಳಗಿನ ಎರಡು ಹಲ್ಲು ಮಾತ್ರ.

ಗೆಜ್ಜೆಯ ಸದ್ದು ನಿಂತಿದೆ.

ಎರಡು ಕ್ಷಣ ನೀವು ಅದನ್ನು ಗಮನಿಸುವುದಿಲ್ಲ. ಆಮೇಲೆ 'ಖ್' ಎಂದು ಒಂದು ಸಣ್ಣ ಸದ್ದು. ಅದರ ಹಿಂದೆ ಕೆಮ್ಮು ಬರಬೇಕಿತ್ತು, ಬರುವುದಿಲ್ಲ. ಅಳು ಬರಬೇಕಿತ್ತು, ಅದೂ ಬರುವುದಿಲ್ಲ. ನಿಮ್ಮ ಹೊಟ್ಟೆಯೊಳಗೆ ಏನೋ ತಣ್ಣಗೆ ಇಳಿಯುತ್ತದೆ. ಯಾಕೆಂದು ತಲೆಗೆ ತಿಳಿಯುವ ಮೊದಲೇ ಕಾಲು ಎದ್ದು ನಿಂತಿರುತ್ತದೆ.

ಅವಳು ಕೂತಿದ್ದಾಳೆ. ಬಾಯಿ ಅಗಲವಾಗಿ ತೆರೆದಿದೆ, ಕಣ್ಣುಗಳು ದೊಡ್ಡದಾಗಿ ನಿಮ್ಮನ್ನೇ ನೋಡುತ್ತಿವೆ. ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿದೆ, ಗಂಟಲ ಕೆಳಗಿನ ಗುಳಿ ಇನ್ನೂ ಆಳವಾಗುತ್ತಿದೆ. ಗಾಳಿ ಮಾತ್ರ ಹೋಗುತ್ತಿಲ್ಲ. ಕೆನ್ನೆಯ ದೃಷ್ಟಿಬೊಟ್ಟಿನ ಸುತ್ತ ಮುಖ ಕೆಂಪಾಗುತ್ತದೆ, ನೀವು ನೋಡುತ್ತಿರುವಂತೆಯೇ ಆ ಕೆಂಪು ಕಂದುತ್ತದೆ. ಅವಳ ಮೊಣಕಾಲ ಬಳಿ ಶೇಂಗಾದ ಕೆಂಪು ಸಿಪ್ಪೆಯೊಂದು ಬಿದ್ದಿದೆ.

ಮಗುವಿನ ಉಸಿರುನಾಳ ಹೆಚ್ಚುಕಡಿಮೆ ಅದರದೇ ಕಿರುಬೆರಳಿನಷ್ಟು ದಪ್ಪ. ಅವಳ ಕಿರುಬೆರಳನ್ನು ನೀವು ಎಷ್ಟು ಸಲ ಬಾಯಲ್ಲಿಟ್ಟು ಮುದ್ದಿಸಿದ್ದೀರಿ!

"ಏನಾತವ್ವಾ?" ಅತ್ತೆ ಓಡಿಬಂದಿದ್ದಾರೆ. ನೋಡಿದ ಕೂಡಲೇ ಅವರ ದನಿ ಒಡೆಯುತ್ತದೆ. "ಬಾಯಾಗ ಬೆರಳ್ ಹಾಕಿ ತಗಿ! ತಗಿಯವ್ವಾ!"

ನಿಮ್ಮ ತೋರುಬೆರಳು ಆಗಲೇ ಅವಳ ತುಟಿಯ ಹತ್ತಿರ ಬಂದಿದೆ. ಎಲ್ಲ ತಾಯಂದಿರ ಬೆರಳೂ ಅಲ್ಲಿಗೇ ಹೋಗುತ್ತದೆ. ಬಾಯೊಳಗೆ ಇಣುಕುತ್ತೀರಿ. ಜೊಲ್ಲು, ನಾಲಿಗೆ, ಕತ್ತಲು. ಬೀಜ ಕಾಣುವುದಿಲ್ಲ. ಕಣ್ಣಿಗೆ ಕಂಡಿದ್ದರೆ ಚಿವುಟಿ ತೆಗೆಯಬಹುದಿತ್ತು. ಕಾಣದಿದ್ದಾಗ ಬೆರಳು ಹಾಕಿದರೆ, ಮೇಲೆ ಸಿಕ್ಕಿಕೊಂಡಿದ್ದನ್ನು ನೀವೇ ಇನ್ನೂ ಕೆಳಕ್ಕೆ ದಬ್ಬುತ್ತೀರಿ. ಬೆರಳನ್ನು ಹಿಂದಕ್ಕೆಳೆಯಲು ನಿಮ್ಮಲ್ಲಿರುವ ಶಕ್ತಿಯೆಲ್ಲ ಬೇಕಾಗುತ್ತದೆ.

"ಬ್ಯಾಡ್ರೀ ಅತ್ತೆ!"

ಮಾವ ನೀರಿನ ಲೋಟ ಹಿಡಿದು ನಿಂತಿದ್ದಾರೆ. ಅದೂ ಬೇಡ. ಗಾಳಿಗೇ ದಾರಿಯಿಲ್ಲದ ಕಡೆ ನೀರು ಹೋಗುವುದೆಲ್ಲಿಗೆ? ಗಂಡ ಬೈಕಿನ ಕೀಲಿ ಕೈಗೆತ್ತಿಕೊಂಡಿದ್ದಾರೆ. "ಕೊಡು ಇಲ್ಲಿ, ಹೊತ್ಕೊಂಡು ಹೋಗ್ತೀನಿ. ಐದೇ ನಿಮಿಷ!"

ಎಲ್ಲಕ್ಕಿಂತ ಕಷ್ಟದ ಆಯ್ಕೆ ಇದೇ. ಆಸ್ಪತ್ರೆಗೆ ಓಡುವುದು ಸರಿಯಾದ ಕೆಲಸದಂತೆ ಕಾಣುತ್ತದೆ. ಅಲ್ಲಿ ಡಾಕ್ಟರಿದ್ದಾರೆ, ಇಲ್ಲಿ ಇರುವುದು ನೀವೊಬ್ಬರೇ. ಆದರೆ ಗಾಳಿಯಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮಿದುಳಿಗೆ ಪೆಟ್ಟು ಬೀಳುತ್ತದೆ. ಸಿಗ್ನಲ್ಲಿನಲ್ಲಿ ನಿಂತ ಬೈಕಿನ ಮೇಲೆ ಅವಳಿಗೆ ಯಾರೂ ಏನೂ ಮಾಡಲಾರರು. 2008ರಿಂದ ರಾಜ್ಯದಲ್ಲಿ ಓಡುತ್ತಿರುವ 'ಆರೋಗ್ಯ ಕವಚ'ದ ಆಂಬುಲೆನ್ಸು ಎಷ್ಟೇ ಬೇಗ ಬಂದರೂ ಅದಕ್ಕೂ ನಿಮಿಷಗಳು ಬೇಕು. ಈ ನಾಲ್ಕು ನಿಮಿಷ ಈ ಮನೆಯವರದು.

"ರೀ, ನೂರೆಂಟಕ್ಕೆ ಫೋನ್ ಮಾಡ್ರಿ!" ಎನ್ನುತ್ತೀರಿ. ಮಗಳನ್ನು ಕೊಡುವುದಿಲ್ಲ.

ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿಸಲು ಹೋಗಿದ್ದಿರಲ್ಲ, ತಾಯಿ ಕಾರ್ಡು ಕಂಕುಳಲ್ಲಿಟ್ಟುಕೊಂಡು? ಲಸಿಕೆಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ಆ ಹೊತ್ತಿನಲ್ಲಿ ನರ್ಸ್ ಒಬ್ಬರು ಬಟ್ಟೆಯ ಗೊಂಬೆಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು ತೋರಿಸಿದ್ದರು. ಕೂಸು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಮುಟ್ಟಬೇಡಿ, ಕೆಮ್ಮಲು ಬಿಡಿ, ಕೆಮ್ಮೇ ಅದನ್ನು ಹೊರಗೆ ಹಾಕುತ್ತದೆ. ಸದ್ದು ನಿಂತರೆ ಮಾತ್ರ ಹೀಗೆ ಮಾಡಿ ಎಂದಿದ್ದರು. ನೀವು ಆವತ್ತು ಅರ್ಧ ಕಿವಿಯಲ್ಲಿ ಕೇಳಿದ್ದಿರಿ, ಮಗಳು ಮಡಿಲಲ್ಲಿ ಕಿರುಚುತ್ತಿದ್ದಳು. ಆದರೆ ನಿಮ್ಮ ಕೈ ಅದನ್ನು ಉಳಿಸಿಕೊಂಡಿದೆ.

ನೆಲಕ್ಕೆ ಕೂರುತ್ತೀರಿ. ಅವಳನ್ನು ಎಡ ಮುಂಗೈಯ ಮೇಲೆ ಬೋರಲು ಮಲಗಿಸಿ, ಮುಂಗೈಯನ್ನು ತೊಡೆಗೆ ಆನಿಸುತ್ತೀರಿ. ಬೆರಳುಗಳು ದವಡೆಯ ಎಲುಬನ್ನು ಹಿಡಿದಿವೆ, ಗಂಟಲನ್ನು ಒತ್ತಬಾರದು. ತಲೆ ಎದೆಗಿಂತ ಕೆಳಗಿರಬೇಕು. ಅವಳ ಭಾರ ಇವತ್ತು ಬೇರೆಯೇ ಆಗಿದೆ. ಸದಾ ಒದೆಯುವ ಕಾಲುಗಳು ಒದೆಯುತ್ತಿಲ್ಲ.

ಅಂಗೈಯ ಬುಡದಿಂದ ಎರಡು ರೆಕ್ಕೆಮೂಳೆಗಳ ನಡುವೆ ಹೊಡೆಯುತ್ತೀರಿ. ಒಂದು.

ಅದು ತಟ್ಟಿದ್ದಷ್ಟೇ, ತೇಗು ಬರಿಸಲು ತಟ್ಟುವ ಹಾಗೆ. ಸಾಲದು. ನಿಮ್ಮ ಮಗಳನ್ನು ನೀವೇ ಹೊಡೆಯಬೇಕು. ಎರಡು. ಅತ್ತೆ "ಅಯ್ಯೋ, ಮೆಲ್ಲಕೆ!" ಎಂದು ಚೀರುತ್ತಾರೆ. ಮೂರು. ನಿಮ್ಮ ಅಂಗೈಗೇ ನೋವಾಗುತ್ತದೆ. ನಾಲ್ಕು. ಐದು.

ಏನೂ ಇಲ್ಲ.

ಮಗುಚುತ್ತೀರಿ. ಈಗ ಅವಳ ಮುಖ ನಿಮ್ಮ ಕಡೆಗಿದೆ, ತುಟಿ ನೀಲಿಯಾಗಿದೆ. ಆ ಬಣ್ಣವನ್ನು ನೀವು ಹಿಂದೆ ಯಾರ ಮುಖದಲ್ಲೂ ನೋಡಿಲ್ಲ. ಗಂಡ ಫೋನಿನಲ್ಲಿ ವಿಳಾಸ ಹೇಳುತ್ತಿದ್ದಾರೆ, ಎರಡು ಸಲ ತಪ್ಪಾಗಿ ಹೇಳುತ್ತಾರೆ. ದೊಡ್ಡವರಿಗೆ ಗಂಟಲು ಕಟ್ಟಿದಾಗ ಹಿಂದಿನಿಂದ ಹಿಡಿದು ಹೊಟ್ಟೆ ಅಮುಕುವುದನ್ನು ಸಿನಿಮಾದಲ್ಲಿ ನೋಡಿದ್ದೀರಿ. 1974ರಲ್ಲಿ ಅಮೆರಿಕದ ಸರ್ಜನ್ ಹೆನ್ರಿ ಹೈಮ್ಲಿಚ್ ಹೇಳಿಕೊಟ್ಟ ಆ ಉಪಾಯ ವರ್ಷದೊಳಗಿನ ಕೂಸಿಗೆ ಸಲ್ಲದು, ಯಕೃತ್ತಿಗೆ ಗಾಯವಾಗಬಹುದು. ಕೂಸಿಗೆ ಒತ್ತಬೇಕಾದದ್ದು ಎದೆಯನ್ನು. ನಟ್ಟನಡುವಿನ ಎಲುಬಿನ ಮೇಲೆ, ಮೊಲೆತೊಟ್ಟುಗಳ ಗೆರೆಗಿಂತ ತುಸು ಕೆಳಗೆ ಅಂಗೈಯ ಬುಡ ಇಡುತ್ತೀರಿ. ನಿಮ್ಮ ಒಂದು ಕೈಗೆ ಅವಳ ಎದೆ ಇಷ್ಟೇ ಇಷ್ಟು. ಮುರಿದರೆ? ಮುರಿದರೆ ಕೂಡುತ್ತದೆ. ಒತ್ತುತ್ತೀರಿ. ಒಂದು, ಎರಡು, ಮೂರು, ನಾಲ್ಕು, ಐದು.

ಏನೂ ಇಲ್ಲ. ಅವಳ ಕಣ್ಣು ನಿಮ್ಮನ್ನು ನೋಡುವುದು ಬಿಟ್ಟು ಮೇಲಕ್ಕೆ ಸರಿಯುತ್ತಿದೆ. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ 30 ಸಲ ಎದೆ ಒತ್ತಬೇಕು, ಬಾಯಿ ಮೂಗು ಸೇರಿಸಿ ಎರಡು ಸಲ ಉಸಿರು ಊದಬೇಕು. ಅದೂ ನೆನಪಿದೆ. ನೆನಪಾಗಿದ್ದಕ್ಕೇ ಗಂಟಲು ಒಣಗುತ್ತದೆ.

ಮತ್ತೆ ಬೋರಲು. ಹೊಡೆತ. ಇನ್ನೊಂದು. ಮತ್ತೊಂದು.

ನಿಮ್ಮ ಮಣಿಕಟ್ಟಿನ ಮೇಲೆ ಬೆಚ್ಚಗೆ ಏನೋ ಬೀಳುತ್ತದೆ. ಜೊಲ್ಲು, ಹಾಲಿನ ಹುಳಿ, ಅದರೊಳಗೆ ಒಂದು ಬಿಳಿ ಚೂರು. ಆಮೇಲೆ ಗಾಳಿ ಒಳಹೋಗುವ ಒರಟು ಸದ್ದು, ಆಮೇಲೆ ಅಳು. ತೆಳ್ಳಗೆ ಶುರುವಾಗಿ, ಏರಿ, ಇಡೀ ಓಣಿಗೆ ಕೇಳುವಂಥ ಅಳು. ತಿಂಗಳುಗಟ್ಟಲೆ ನಿದ್ದೆಗೆಡಿಸಿದ ಆ ಅಳುವಿಗಾಗಿ ನೀವು ಈಗ ಕಂಡ ದೇವರಿಗೆಲ್ಲ ಕೈ ಮುಗಿಯುತ್ತೀರಿ. ಅತ್ತೆ ಅಲ್ಲೇ ಕುಸಿದು ಕೂತು, ಶೇಂಗಾ ಹಾಕಿದ ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ನಿಮ್ಮ ಕೈ ಈಗ ನಡುಗಲು ಶುರುವಾಗುತ್ತದೆ, ನಿಲ್ಲುವುದಿಲ್ಲ.

ಮಣಿಕಟ್ಟಿನ ಮೇಲಿನ ಚೂರನ್ನು ಬೆಳಕಿಗೆ ಹಿಡಿಯುತ್ತೀರಿ. ಒಂದು ಬದಿ ಉಬ್ಬು, ಇನ್ನೊಂದು ಬದಿ ಚಪ್ಪಟೆ, ತುದಿಯಲ್ಲಿ ಪುಟ್ಟ ಮೊಳಕೆಯ ಗುರುತು. ಶೇಂಗಾ ಬೀಜ ಎರಡು ಬೇಳೆಯಾಗಿ ಸೀಳುತ್ತದೆ. ಇದು ಒಂದು ಬೇಳೆ. ಇನ್ನೊಂದು ಎಲ್ಲಿ?

ಅತ್ತೆ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ದೃಷ್ಟಿ ತೆಗೆಯಲು ಬಂದಿದ್ದಾರೆ. ಕೂಸು ಅಳುತ್ತಿದೆ, ಬಣ್ಣ ಮರಳಿದೆ, ಎಲ್ಲ ಸರಿಹೋಯಿತಲ್ಲ ಎನ್ನುತ್ತಾರೆ. ದೃಷ್ಟಿ ತೆಗೆಯಲಿ, ತಡೆಯಬೇಡಿ, ಅವರ ಎದೆಯೂ ನಿಮ್ಮಷ್ಟೇ ಬಡಿದುಕೊಳ್ಳುತ್ತಿದೆ. ಆದರೆ ಆಂಬುಲೆನ್ಸ್ ಬಂದಾಗ ಹತ್ತಿ.

ಆಸ್ಪತ್ರೆಯಲ್ಲಿ ಫಿನಾಯಿಲ್ ವಾಸನೆ. ಮಕ್ಕಳ ಡಾಕ್ಟರು ಸ್ಟೆತಸ್ಕೋಪನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಇಟ್ಟು ಕೇಳುತ್ತಾರೆ. ಶೇಂಗಾ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಕಾಣುವುದೇನಿದ್ದರೂ ಅದು ಮುಚ್ಚಿದ ದಾರಿಯ ಆಚೆ ಶ್ವಾಸಕೋಶಕ್ಕೆ ಆದ ತೊಂದರೆ ಮಾತ್ರ ಎನ್ನುತ್ತಾರೆ. ಒಳಗೆ ಉಳಿದ ಬೀಜ ಉಬ್ಬುತ್ತದೆ, ಅದರ ಎಣ್ಣೆ ಉಸಿರುನಾಳವನ್ನು ಕೆರಳಿಸುತ್ತದೆ. ಆಗ ದುರ್ಬೀನು ಇಳಿಸಿ ತೆಗೆಯಬೇಕಾಗುತ್ತದೆ. ಅಷ್ಟರಲ್ಲಿ ಮಾವ ಫೋನ್ ಮಾಡುತ್ತಾರೆ. ಟಾರ್ಚ್ ಹಿಡಿದು ಸೋಫಾದ ಕೆಳಗೆ ಬಗ್ಗಿ ಹುಡುಕಿದ್ದಾರೆ. "ಇನ್ನೊಂದು ಬ್ಯಾಳಿ ಸಿಕ್ತವ್ವಾ!"

ನಿಮ್ಮ ಮೊಣಕಾಲಿನ ಬಲವೇ ಹೋಗುತ್ತದೆ. ಡಾಕ್ಟರು ಮಾತ್ರ ತಲೆ ಅಲ್ಲಾಡಿಸುತ್ತಾರೆ. ಸಿಕ್ಕಿದ್ದು ಅದೇ ಬೀಜದ್ದು ಎಂದು ಹೇಗೆ ಹೇಳುತ್ತೀರಿ, ರಾತ್ರಿ ಇಲ್ಲೇ ಇರಲಿ. ಅವರು ಹೇಳುವುದು ಸರಿ. ಬಿಡದ ಕೆಮ್ಮು, ಉಸಿರಿನಲ್ಲಿ ಸೀಟಿಯಂಥ ಸದ್ದು, ಜ್ವರ: ಮುಂದಿನ ದಿನಗಳಲ್ಲಿ ಇವುಗಳಲ್ಲಿ ಯಾವುದು ಕಂಡರೂ ಮರಳಿ ಕರೆತರಬೇಕು. ರಾತ್ರಿಯಿಡೀ ನೀವು ಅವಳ ಎದೆ ಏರಿಳಿಯುವುದನ್ನು ನೋಡುತ್ತೀರಿ. ಬೆಳಿಗ್ಗೆ ಎರಡೂ ಬದಿಯ ಉಸಿರು ಸಮನಾಗಿದೆ, ಮನೆಗೆ ಕಳಿಸುತ್ತಾರೆ.

ನಿಮ್ಮ ಮನೆಯಲ್ಲೂ ಹಾಲುಗೂಸಿದ್ದರೆ, ನಾಲ್ಕೈದು ವರ್ಷವಾಗುವವರೆಗೆ ಇಡೀ ಶೇಂಗಾ, ಕಡಲೆ, ಬಾದಾಮಿ ಅದರ ಕೈಗೆ ಸಿಗಬಾರದು. ಸರಿಯಲ್ಲಿ ಪುಡಿ ಮಾಡಿ ಹಾಕಿದರೆ ತೊಂದರೆಯಿಲ್ಲ. ಲಸಿಕೆಗೆ ಹೋದಾಗ ಆ ಅರ್ಧ ಗಂಟೆಯಲ್ಲಿ ಕೇಳಿ, ಬೆನ್ನಿಗೆ ಐದು ಎದೆಗೆ ಐದು ಹೇಗೆಂದು ಮಾಡಿ ತೋರಿಸಲು ಹೇಳಿ, ನೀವೂ ಗೊಂಬೆಯ ಮೇಲೆ ಮಾಡಿ ನೋಡಿ. ಹೋಗುವಾಗ ಅಜ್ಜಿಯನ್ನೂ ಅಜ್ಜನನ್ನೂ ಕರೆದುಕೊಂಡು ಹೋಗಿ. ನೀವು ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಕೂಸಿನ ಜೊತೆ ಇರುವವರು ಅವರು.