ಗಡಿಯ ಮಾತು ನಮಗೂ ಸೇರಿದ್ದು

ಉದ್ದದ ಪೋಸ್ಟು, ಪುರುಸೊತ್ತಾದಾಗ ಓದಿ.

ಡಿಸೆಂಬರ್ 6ರ ಪರಿನಿಬ್ಬಾಣ ದಿನಕ್ಕೆ ನಮ್ಮ ಓದಿನ ಬಳಗದಲ್ಲಿ ಏನು ಚರ್ಚೆ ಇಟ್ಕೊಳ್ಳೋಣ ಅನ್ನೋ ಮಾತು ಬಂತು. ಈ ಸಲ ಚೀನಾ, ಪಾಕಿಸ್ತಾನದ ಬಗ್ಗೆ ಬಾಬಾಸಾಹೇಬರು ಏನು ಹೇಳಿದ್ರು ಅನ್ನೋದನ್ನ ಓದೋಣ ಅಂದೆ. ಹಿರಿಯರೊಬ್ಬರು ನಕ್ಕರು. "ಮೊದ್ಲು ಕೇರಿ ಸ್ಮಶಾನಕ್ಕೆ ದಾರಿ ಬಿಡಿಸಪ್ಪ, ಆಮೇಲೆ ಲಡಾಖ್ ನೋಡಾಣ" ಅಂದರು. ಅವರ ಮಾತು ಸುಳ್ಳಲ್ಲ, ಆ ದಾರಿಯ ಅರ್ಜಿ ಹಿಡ್ಕೊಂಡು ಓಡಾಡಿದವರಲ್ಲಿ ನಾನೂ ಒಬ್ಬ. ಆದ್ರೆ ಪಕ್ಕದಲ್ಲಿದ್ದ ಹುಡುಗ ಇನ್ನೊಂದು ಮಾತು ಹೇಳಿದ. "ಅದು ಅವರ ಸಬ್ಜೆಕ್ಟು ಅಣ್ಣ, ನಮ್ದಲ್ಲ." ನಾನು ಈ ಪೋಸ್ಟ್ ಬರೀತಿರೋದು ಆ ಮಾತಿಗೆ.

ಅದು ಯಾವತ್ತಿನಿಂದ ಅವರ ಸಬ್ಜೆಕ್ಟಾಯ್ತು?

1951ರ ಅಕ್ಟೋಬರ್ 10ರ ರಾಜೀನಾಮೆ ಹೇಳಿಕೆ ತೆಗೆದು ನೋಡಿ. ಹಿಂದೂ ಕೋಡ್ ಬಿಲ್‌ಗೋಸ್ಕರ ಬಾಬಾಸಾಹೇಬರು ಮಂತ್ರಿ ಪದವಿ ಬಿಟ್ಟರು ಅಂತ ವೇದಿಕೆ ಮೇಲೆ ಎಲ್ಲರೂ ಹೇಳ್ತೀವಿ. ಅದೇ ಹೇಳಿಕೆಯಲ್ಲಿ ಅವರು ಕೊಟ್ಟ ಇನ್ನೊಂದು ಕಾರಣ ವಿದೇಶಾಂಗ ನೀತಿ. ಅದನ್ನ ಯಾಕೋ ನಾವು ಹಾರಿಸಿಬಿಡ್ತೀವಿ. ಅಲ್ಲಿ ಅವರು ಲೆಕ್ಕ ಕೊಡ್ತಾರೆ. ಸರ್ಕಾರದ ವಾರ್ಷಿಕ ಆದಾಯ 350 ಕೋಟಿ, ಅದರಲ್ಲಿ ಸೈನ್ಯಕ್ಕೆ ಹೋಗ್ತಿರೋದು 180 ಕೋಟಿ. ನಾನು ಎಫ್‌ಡಿಎ, ಬೆಳಗಾದ್ರೆ ಬಿಲ್ಲು, ಲೆಕ್ಕ ಶೀರ್ಷಿಕೆ, ಅನುದಾನ ಅಂತ ಹಾಳೆ ತಿರುಗಿಸೋದೇ ಕೆಲಸ. ಅರ್ಧಕ್ಕಿಂತ ಜಾಸ್ತಿ ಒಂದೇ ಬಾಬ್ತಿಗೆ ಹೋದ್ರೆ ಶಾಲೆಗೆ, ಹಾಸ್ಟೆಲಿಗೆ, ಬಾವಿಗೆ ಏನುಳಿಯುತ್ತೆ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅವರ ವಾದ ಇಷ್ಟು: ಸ್ವಾತಂತ್ರ್ಯ ಬಂದಾಗ ನಮ್ಮ ಮೇಲೆ ಯಾರಿಗೂ ಹಗೆ ಇರಲಿಲ್ಲ, ನಾಲ್ಕೇ ವರ್ಷದಲ್ಲಿ ವಿಶ್ವಸಂಸ್ಥೆಯಲ್ಲಿ ನಮ್ಮ ಪರ ನಿಲ್ಲೋರು ಇಲ್ಲದ ಹಾಗಾಯ್ತು, ಕಷ್ಟಕ್ಕಾಗೋ ಮಿತ್ರರಿಲ್ಲದ ದೇಶ ಸೈನ್ಯದ ಪೂರ್ತಿ ಭಾರ ಒಂದೇ ಹೊರಬೇಕಾಗುತ್ತೆ. ಕಾಶ್ಮೀರಕ್ಕೆ ಅವರು ಸೂಚಿಸಿದ ಪರಿಹಾರ ವಿಭಜನೆ. ಅದು ಇವತ್ತಿಗೆ ನಡೆಯೋ ಮಾತಲ್ಲ ಅಂತ ನನ್ನ ಅಭಿಪ್ರಾಯ, ಬೈಯೋರು ಬೈಯಿರಿ. ಆದ್ರೆ ಭದ್ರತೆ ಅಂದ್ರೆ ಲೆಕ್ಕ ಕೇಳೋ ವಿಷಯ ಅನ್ನೋದನ್ನ ಅವರು ಅವತ್ತೇ ತೋರಿಸಿಕೊಟ್ಟರು.

ಇನ್ನು 1954. ಏಪ್ರಿಲ್ 29ರಂದು ಚೀನಾ ಜೊತೆ ಪಂಚಶೀಲ ಒಪ್ಪಂದ ಆಯ್ತು. ದೇಶವೆಲ್ಲ ಭಾಯಿ ಭಾಯಿ ಗುಂಗಿನಲ್ಲಿತ್ತು. ನಾಲ್ಕು ತಿಂಗಳಿಗೆ, ಆಗಸ್ಟ್ 26ಕ್ಕೆ, ರಾಜ್ಯಸಭೆಯಲ್ಲಿ ಬಾಬಾಸಾಹೇಬರು ಎದ್ದು ನಿಂತು ಮಾವೋಗೆ ಈ ಪಂಚಶೀಲದ ಮೇಲೆ ನಂಬಿಕೆ ಇದೆಯಾ ಅಂತ ಕೇಳಿದರು. ಪಂಚಶೀಲ ಬುದ್ಧನ ಮಾತು, ಅದರಲ್ಲಿ ನಂಬಿಕೆ ಇರೋನು ತನ್ನ ದೇಶದ ಬೌದ್ಧರನ್ನ ಹಾಗೆ ನಡೆಸಿಕೊಳ್ತಿರಲಿಲ್ಲ ಅನ್ನೋದು ಅವರ ತರ್ಕ. ಲಾಸಾವನ್ನು ಚೀನಾ ವಶಕ್ಕೆ ಹೋಗೋದಕ್ಕೆ ಬಿಟ್ಟಿದ್ದರಿಂದ ಅವರ ಗಡಿ ನಮ್ಮ ಬಾಗಿಲಿಗೆ ಬಂತು ಅಂತಲೂ ಎಚ್ಚರಿಸಿದರು. ಎರಡು ವರ್ಷದ ಮೇಲೆ ತೀರಿಹೋದರು. 1957ಕ್ಕೆ ಚೀನಾ ಅಕ್ಸಾಯ್ ಚಿನ್ ಮೂಲಕ ರಸ್ತೆ ಮುಗಿಸಿತ್ತು, 1962ರ ಅಕ್ಟೋಬರ್ 20ಕ್ಕೆ ಯುದ್ಧ ಶುರುವಾಯ್ತು. ಮರುವರ್ಷ ಮಾರ್ಚಿನಲ್ಲಿ ಪಾಕಿಸ್ತಾನ ತಾನು ಹಿಡಿದಿಟ್ಟುಕೊಂಡಿದ್ದ ಕಾಶ್ಮೀರದ ಶಕ್ಸ್‌ಗಾಮ್ ಕಣಿವೆಯನ್ನ, 5,180 ಚದರ ಕಿಲೋಮೀಟರ್, ಒಪ್ಪಂದ ಮಾಡ್ಕೊಂಡು ಚೀನಾಕ್ಕೆ ಬಿಟ್ಟುಕೊಟ್ಟಿತು. ಇವರಿಬ್ಬರ ಸ್ನೇಹ ನಿನ್ನೆ ಮೊನ್ನೆಯದಲ್ಲ.

2025ರ ಮೇ ತಿಂಗಳಿಗೆ ಬರ್ತೀನಿ. ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರನ್ನ ಕೊಂದರು. ಮೇ 7ಕ್ಕೆ ನಮ್ಮವರ ದಾಳಿ, 10ಕ್ಕೆ ಕದನವಿರಾಮ. ಆ ನಾಲ್ಕು ದಿನ ನಮ್ಮ ಅಕ್ಕ ಅನ್ನ ಮುಟ್ಟಲಿಲ್ಲ. ಅವಳ ಮಗ ಅಗ್ನಿವೀರ, 2023ರಲ್ಲಿ ಸೇರಿದೋನು, ಜಮ್ಮು ಕಡೆ ಇದ್ದ. ಫೋನ್ ಬಂದ್. "ತಮ್ಮಾ, ನೀನು ಓದಿದೋನು, ಆಫೀಸಲ್ಲಿರೋನು, ಯಾರ್ನಾದ್ರೂ ಕೇಳೋ" ಅಂತ ಗಂಟೆಗೊಂದು ಸಲ ಫೋನ್ ಮಾಡೋಳು. ತಾಲ್ಲೂಕು ಆಫೀಸಿನ ಗುಮಾಸ್ತ ಯಾರನ್ನ ಕೇಳಬೇಕು ಹೇಳಿ. ಟಿವಿ ಹಾಕಿದ್ರೆ ಸೈರನ್ ಸದ್ದು, ಕರಾಚಿ ಬಂದರು ಉರೀತಿದೆ ಅನ್ನೋ ಸುಳ್ಳು. ನಾನೇ ಹೋಗಿ ಆ ಟಿವಿ ವೈರು ಕಿತ್ತಿಟ್ಟು ಬಂದೆ. 11ನೇ ತಾರೀಖು ಸಂಜೆ ಹುಡುಗ ಮಾತಾಡಿದ. "ಮಾಮ, ರಾತ್ರಿಯೆಲ್ಲ ಡ್ರೋನು. ಒಂದೆರಡಲ್ಲ, ಸೊಳ್ಳೆ ಥರ" ಅಂದ. ಅಷ್ಟೇ, ಮುಂದೆ ಏನೂ ಹೇಳಲಿಲ್ಲ, ಹೇಳಬಾರದು ಕೂಡ.

ಸರ್ಕಾರವೇ ಕೊಟ್ಟ ಮಾಹಿತಿ ಪ್ರಕಾರ ಮೇ 8ರ ಒಂದೇ ರಾತ್ರಿ ಲೇಹ್‌ನಿಂದ ಗುಜರಾತಿನ ಸರ್ ಕ್ರೀಕ್‌ವರೆಗೆ 36 ಜಾಗಗಳ ಮೇಲೆ ಮುನ್ನೂರು ನಾನೂರು ಡ್ರೋನ್ ಬಂದವು. ಬಿದ್ದ ಚೂರುಗಳನ್ನ ನೋಡಿ ಟರ್ಕಿ ದೇಶದವು ಅಂದರು. ಆಮೇಲೆ ಜುಲೈ 4ರಂದು ಸೇನೆಯ ಡೆಪ್ಯೂಟಿ ಚೀಫ್ ಲೆಫ್ಟಿನೆಂಟ್ ಜನರಲ್ ರಾಹುಲ್ ಸಿಂಗ್ ಬಹಿರಂಗ ಸಭೆಯಲ್ಲೇ ಹೇಳಿದರು: ಗಡಿ ಒಂದು, ಎದುರಿಗಿದ್ದವರು ಮೂವರು. ಎದುರಿಗೆ ಕಂಡಿದ್ದು ಪಾಕಿಸ್ತಾನ, ಹಿಂದೆ ಚೀನಾ, ಜೊತೆಗೆ ಟರ್ಕಿ. ನಮ್ಮ ಸೇನೆಯ ಚಲನವಲನ ಆ ಹೊತ್ತಿಗೇ ಚೀನಾದಿಂದ ಪಾಕಿಸ್ತಾನಕ್ಕೆ ತಲುಪ್ತಿತ್ತು ಅನ್ನೋದು ಅವರ ಮಾತು. ಚೀನಾ ಇದನ್ನ ಒಪ್ಪಿಲ್ಲ, ಬಿಡಿ. ಆದ್ರೆ 2020ರಿಂದ 2024ರವರೆಗೆ ಪಾಕಿಸ್ತಾನ ಹೊರಗಿಂದ ತರಿಸಿದ ಶಸ್ತ್ರಾಸ್ತ್ರದಲ್ಲಿ ನೂರಕ್ಕೆ 81 ಪಾಲು ಚೀನಾದ್ದು. ಇದು ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆಯ ಲೆಕ್ಕ. ನಮ್ಮ ಅಕ್ಕನ ಮಗನ ತಲೆ ಮೇಲೆ ಹಾರಾಡಿದ್ದು ಮೂರು ದೇಶದ ಯಂತ್ರ, ಬುದ್ಧಿ, ದುಡ್ಡು. ಇದು ನಮ್ಮ ಸಬ್ಜೆಕ್ಟಲ್ಲ ಅಂತ ಅವಳ ಮುಂದೆ ನಿಂತು ಹೇಳೋಕಾಗುತ್ತಾ?

ಇಲ್ಲಿ ಟಿವಿಯವರ ವರಸೆ ನೋಡಿ. ಪಾಕಿಸ್ತಾನ ಅಂದ ಕೂಡಲೇ ಕ್ಯಾಮರಾ ತಿರುಗೋದು ನಮ್ಮ ಊರಿನ ಮುಸಲ್ಮಾನರ ಗಲ್ಲಿ ಕಡೆಗೆ. ಟರ್ಕಿ ಅಂದ ಕೂಡಲೇ ಟರ್ಕಿ ಸೇಬು ಬಹಿಷ್ಕಾರ. ಚೀನಾ ಅಂದ್ರೆ? 2020ರ ಜೂನ್ 15ರಂದು ಗಲ್ವಾನಿನಲ್ಲಿ 20 ಸೈನಿಕರು ಹೋದರು. ಹದಿನೈದು ದಿನದಲ್ಲಿ 59 ಆ್ಯಪ್ ಬ್ಯಾನ್ ಆಯ್ತು. ಆಮೇಲೆ 2024-25ರಲ್ಲಿ ಚೀನಾದಿಂದ ನಾವು ತರಿಸಿಕೊಂಡ ಸರಕು 113 ಬಿಲಿಯನ್ ಡಾಲರ್, ವ್ಯಾಪಾರದ ಕೊರತೆ 99 ಬಿಲಿಯನ್. ಅಪಾಯದ ದೊಡ್ಡ ಪಾಲು ಎಲ್ಲಿಂದ ಬರುತ್ತೋ ಅಲ್ಲಿಗೇ ನಮ್ಮ ದುಡ್ಡೂ ಹೋಗ್ತಿದೆ. ಅದನ್ನ ಕೇಳೋ ಧೈರ್ಯ ಇಲ್ಲದವರಿಗೆ ಬೀದಿ ಬದಿ ಹಣ್ಣು ಮಾರೋನು ಸುಲಭಕ್ಕೆ ಸಿಗ್ತಾನೆ.

ಮೇ ತಿಂಗಳಲ್ಲಿ ದೇಶಕ್ಕೆ ದಾಳಿಯ ವಿವರ ಕೊಟ್ಟೋರು ಕರ್ನಲ್ ಸೋಫಿಯಾ ಖುರೇಷಿ. ಗೋಕಾಕ ತಾಲ್ಲೂಕಿನ ಮನೆಯ ಸೊಸೆ, ಕನ್ನಡ ಪೇಪರುಗಳು ಬೆಳಗಾವಿಯ ಸೊಸೆ ಅಂತ ಹೆಮ್ಮೆಯಿಂದ ಬರೆದವು. ವಾರ ಕಳೆಯೋದರೊಳಗೆ ಮಧ್ಯಪ್ರದೇಶದ ಒಬ್ಬ ಮಂತ್ರಿ ಅವರನ್ನ ಭಯೋತ್ಪಾದಕರ ಸೋದರಿ ಅನ್ನೋ ಅರ್ಥದಲ್ಲಿ ಆಡಿಕೊಂಡ. ಹೈಕೋರ್ಟ್ ತಾನೇ ಮುಂದಾಗಿ ಎಫ್‌ಐಆರ್ ಹಾಕಿ ಅನ್ನಬೇಕಾಯ್ತು. ಯೂನಿಫಾರ್ಮ್ ಹಾಕಿದ ಕರ್ನಲ್‌ಗೇ ಹೀಗಾದ್ರೆ ಕೇರಿಯಿಂದ ಹೋದ ಸಿಪಾಯಿ ರಜೆಗೆ ಊರಿಗೆ ಬಂದಾಗ ಏನಾಗಬಹುದು ಅಂತ ನಮಗೆ ಗೊತ್ತಿರೋದೇ. ಕುದುರೆ ಹತ್ತಿದ ಮದುಮಗನ ಕಥೆಗಳು ಬೇಕಾದಷ್ಟಿವೆ, ಇಲ್ಲಿ ಬೇಡ.

ಸೈನ್ಯ ನಮ್ಮನ್ನ ಯಾವಾಗ ಕರೆದಿದೆ, ಯಾವಾಗ ಕಳಿಸಿದೆ ಅನ್ನೋದನ್ನ ಮಾತ್ರ ಹೇಳಲೇಬೇಕು. 1818ರ ಕೋರೆಗಾಂವ್ ನಿಮಗೆಲ್ಲ ಬಾಯಿಪಾಠ. ಅದಾದ ಮೇಲಿನದು ಅಷ್ಟು ಗೊತ್ತಿಲ್ಲ. 1890ರ ದಶಕದಲ್ಲಿ ಬ್ರಿಟಿಷರು ವೀರ ಜಾತಿಗಳು ಅಂತ ಪಟ್ಟಿ ಮಾಡ್ಕೊಂಡು ಮಹಾರರ ಭರ್ತಿ ನಿಲ್ಲಿಸಿದರು. ಮೊದಲ ಮಹಾಯುದ್ಧದಲ್ಲಿ ಜನ ಸಾಲದೆ ಬಂದಾಗ 1917ರಲ್ಲಿ 111ನೇ ಮಹಾರ್ ದಳ ಕಟ್ಟಿದರು, 1921ರಲ್ಲಿ ಮುಚ್ಚಿದರು. 1941ರಲ್ಲಿ ವೈಸ್‌ರಾಯ್‌ನ ರಕ್ಷಣಾ ಸಲಹಾ ಸಮಿತಿಯಲ್ಲಿ ಬಾಬಾಸಾಹೇಬರು ಇದ್ದರು, ಪಟ್ಟು ಹಿಡಿದರು. ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟ್ ಆಯ್ತು, ಇವತ್ತಿಗೂ ಇದೆ. 1943ರಲ್ಲಿ ಹುಟ್ಟಿದ ಚಮಾರ್ ರೆಜಿಮೆಂಟನ್ನ ಯುದ್ಧ ಮುಗಿದ ಮೇಲೆ 1946ರಲ್ಲಿ ಬರಖಾಸ್ತು ಮಾಡಿದರು. ಬೆಂಕಿ ಬಿದ್ದಾಗ ಬಾ ಅನ್ನೋದು, ಆರಿದ ಮೇಲೆ ಹೋಗು ಅನ್ನೋದು.

ಅದಕ್ಕೇ ಅಗ್ನಿಪಥದ ಕಾಗದ ಓದಿದಾಗ ನನಗೆ 1921 ಕಣ್ಣ ಮುಂದೆ ಬಂತು. ನಾಲ್ಕು ವರ್ಷ ಸೇವೆ, ಕೊನೆಗೆ ಸುಮಾರು 11.71 ಲಕ್ಷದ ಸೇವಾನಿಧಿ, ನೂರಕ್ಕೆ 25 ಜನ ಒಳಗೆ, ಮಿಕ್ಕವರು ಮನೆಗೆ. ಪಿಂಚಣಿ ಇಲ್ಲ. ಕರ್ತವ್ಯದಲ್ಲಿದ್ದಾಗ ಸತ್ತರೆ ದೊಡ್ಡ ಪರಿಹಾರ ಕೊಡ್ತಾರೆ, ಆದ್ರೆ ಕಾಯಂ ಸೈನಿಕನ ಮನೆಗೆ ಬರೋ ಕುಟುಂಬ ಪಿಂಚಣಿ ಬರಲ್ಲ. ನಮ್ಮ ಗಡಿಗೆ ಅಂಟಿಕೊಂಡಿರೋ ಆಂಧ್ರದ ಸತ್ಯಸಾಯಿ ಜಿಲ್ಲೆಯ ಒಂದು ತಾಂಡಾದ ಹುಡುಗ, ಅಗ್ನಿವೀರ, ಮೇ 9ರಂದು ನಿಯಂತ್ರಣ ರೇಖೆಯಲ್ಲಿ ಶೆಲ್ ದಾಳಿಗೆ ಸತ್ತ. ಅಪ್ಪ ಅಮ್ಮ ಕೂಲಿ ಮಾಡೋರು. ಗಡಿಯಲ್ಲಿ ಸಾಯೋವಾಗ ಕಾಯಂ, ತಾತ್ಕಾಲಿಕ ಅಂತ ಗುಂಡು ಕೇಳೋದಿಲ್ಲ.

ಖರ್ಚು ಕಮ್ಮಿ ಮಾಡಬೇಕಲ್ಲ ಅಂತೀರಾ? 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ, ಅದರಲ್ಲಿ ಪಿಂಚಣಿಗೆ 1.60 ಲಕ್ಷ ಕೋಟಿ. ಉಳಿತಾಯ ಮಾಡಬೇಕು, ಹೊಸ ಶಸ್ತ್ರಕ್ಕೆ ದುಡ್ಡು ಬೇಕು, ಒಪ್ಪಿದೆ. ಕತ್ತರಿ ಸಿಪಾಯಿಯ ಪಿಂಚಣಿಗೇ ಯಾಕೆ ಬಿತ್ತು ಅಂತ ಮಾತ್ರ ಕೇಳ್ತೀನಿ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತೇಜಸ್ ವಿಮಾನ ಇನ್ನೂ ತಡವಾಗ್ತಾನೇ ಇದೆ, ಸೆಪ್ಟೆಂಬರ್ 26ಕ್ಕೆ ಮಿಗ್-21 ಮೂಲೆಗೆ ಹೋಯ್ತು, 42 ಸ್ಕ್ವಾಡ್ರನ್ ಇರಬೇಕಾದ ವಾಯುಪಡೆ 29ಕ್ಕೆ ಇಳಿದಿದೆ. ಈ ತಡಕ್ಕೆ ಯಾರ ಪಿಂಚಣಿ ಕಟ್ ಆಯ್ತು?

ದೇವನಹಳ್ಳಿ ವಿಷಯವನ್ನ ಹಲವರು ನನ್ನ ಮುಖಕ್ಕೆ ಹಿಡೀತಾರೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನ ರಕ್ಷಣಾ ಮತ್ತು ವಿಮಾನ ಉದ್ಯಮದ ಪಾರ್ಕಿಗೆ ತಗೋತೀವಿ ಅಂದಾಗ ಅಲ್ಲಿನ ದಲಿತರು, ಸಣ್ಣ ರೈತರು ಮೂರು ವರ್ಷ ಕೂತರು. ಜುಲೈ 15ಕ್ಕೆ ಸರ್ಕಾರ ಕೈಬಿಟ್ಟಿತು. ನಾವೂ ಅಲ್ಲಿಗೆ ಹೋಗಿ ಕೂತಿದ್ವಿ. "ದೇಶಕ್ಕೆ ವಿಮಾನ ಬೇಡ್ವಾ ನಿಮಗೆ?" ಅಂತ ಕೇಳಿದರು. ಬೇಕು ಸ್ವಾಮಿ. ಹಿಪ್ಪುನೇರಳೆ, ದ್ರಾಕ್ಷಿ ಬೆಳೆಯೋ ಭೂಮಿಯಲ್ಲೇ ಆಗಬೇಕಾ? ಭೂಮಿ ಕಳಕೊಂಡೋರ ಮಕ್ಕಳಿಗೆ ಆ ಫ್ಯಾಕ್ಟರಿಯಲ್ಲಿ ಇಂಜಿನಿಯರ್ ಕುರ್ಚಿ ಇದೆಯಾ, ಗೇಟಿನ ವಾಚ್‌ಮನ್ ಸ್ಟೂಲ್ ಇದೆಯಾ? ಅಪಾಯ ಇದೆ ಅಂತ ಒಪ್ಪಿಕೊಂಡೇ ಈ ಪ್ರಶ್ನೆ ಕೇಳಬಹುದು. ಅಪಾಯವೇ ಇಲ್ಲ ಅಂದುಬಿಟ್ಟರೆ ನಮ್ಮ ಮಾತಿಗೆ ಬೆಲೆ ಇರಲ್ಲ. ನಮ್ಮ ಕೆಲವು ಗೆಳೆಯರು ಅಲ್ಲೇ ಎಡವೋದು, ಯುದ್ಧೋನ್ಮಾದ ಬೇಡ ಅನ್ನೋ ಭರದಲ್ಲಿ ಶತ್ರುವೇ ಕಲ್ಪನೆ ಅನ್ನೋ ಮಟ್ಟಕ್ಕೆ ಹೋಗ್ತಾರೆ. ಶತ್ರು ಕಲ್ಪನೆ ಅಲ್ಲ.

ಈ ಜೋಡಿಯನ್ನ ಒಂದು ಸಲ ನಮ್ಮವರೊಬ್ಬರು ಎದುರಿಸಿದ್ದೂ ಇದೆ. 1971ರಲ್ಲಿ ಪಾಕಿಸ್ತಾನದ ಬೆನ್ನಿಗೆ ಚೀನಾ ಇತ್ತು, ಅಮೆರಿಕ ಬಂಗಾಳ ಕೊಲ್ಲಿಗೆ ಯುದ್ಧನೌಕೆ ಕಳಿಸಿತು. ನಮ್ಮವರು ಅವಸರ ಮಾಡಲಿಲ್ಲ. ಆಗಸ್ಟ್ 9ಕ್ಕೆ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಮಾಡ್ಕೊಂಡರು. ಯುದ್ಧ ಡಿಸೆಂಬರಿನಲ್ಲಿ ನಡೆಯಿತು, ಹಿಮಾಲಯದ ಕಣಿವೆ ದಾರಿಗಳು ಹಿಮದಿಂದ ಮುಚ್ಚಿಹೋಗೋ ಕಾಲ, ಚೀನಾ ಅಲುಗಾಡಲಿಲ್ಲ. ಹದಿಮೂರು ದಿನಕ್ಕೆ ಢಾಕಾದಲ್ಲಿ ಪಾಕ್ ಸೇನೆ ಶರಣಾಯ್ತು, ಸುಮಾರು 93,000 ಸೆರೆಯಾಳುಗಳು. 1951ರಲ್ಲಿ ಬಾಬಾಸಾಹೇಬರು ಮಿತ್ರರೆಲ್ಲಿ ಅಂತ ಕೇಳಿದ್ದ ಪ್ರಶ್ನೆಗೆ ಅವತ್ತು ಉತ್ತರ ಸಿಕ್ಕಿತ್ತು. ರಕ್ಷಣಾ ಮಂತ್ರಿ ಬಾಬು ಜಗಜೀವನ ರಾಮ್. ಡಿಸೆಂಬರ್ 16ಕ್ಕೆ ಇಂದಿರಾ ಗಾಂಧಿ, ಮಾಣಿಕ್ ಷಾ ಫೋಟೋ ಎಲ್ಲರ ಸ್ಟೇಟಸ್ಸಿನಲ್ಲಿರುತ್ತೆ. ಬಾಬೂಜಿ ಫೋಟೋ ನಮ್ಮವರ ಸ್ಟೇಟಸ್ಸಿನಲ್ಲೂ ಇರಲ್ಲ. ನಮ್ಮ ರಾಜ್ಯದಲ್ಲಿ ಅವರ ಹೆಸರು ಚರ್ಮ ಕೈಗಾರಿಕಾ ನಿಗಮದ ಬೋರ್ಡಿನ ಮೇಲಿದೆ. ರಕ್ಷಣಾ ಮಂತ್ರಿಯಾಗಿದ್ದವರ ಹೆಸರಿಡೋಕೆ ಅಧಿಕಾರಿಗಳಿಗೆ ಹೊಳೆದ ಜಾಗ ಅದು!

ಸ್ಮಶಾನದ ದಾರಿ ಕೇಳಿದ ಹಿರಿಯರಿಗೆ: ಅಣ್ಣಾ, ಸರ್ವೆಯರ್ ಬರೋ ದಿನ ನಾನೂ ರಜೆ ಹಾಕಿ ಬರ್ತೀನಿ. ಡಿಸೆಂಬರ್ 6ಕ್ಕೆ 1951ರ ಹೇಳಿಕೆಯನ್ನೂ 1954ರ ಭಾಷಣವನ್ನೂ ಪೂರ್ತಿ ಓದೋಣ, ಒಬ್ಬೊಬ್ಬರು ಎರಡೆರಡು ಪುಟ. ಜೆರಾಕ್ಸ್ 30 ಪ್ರತಿ ಮಾಡಿಸಿದ್ದೀನಿ. ಅಗ್ನಿವೀರರ ಮನೆಯವರು ನಿಮ್ಮ ಊರಲ್ಲಿದ್ದರೆ ಅವರನ್ನೂ ಕರ್ಕೊಂಡು ಬನ್ನಿ. ನಮ್ಮ ಹುಡುಗನ ನಾಲ್ಕು ವರ್ಷ 2027ಕ್ಕೆ ಮುಗಿಯುತ್ತೆ, ಅಕ್ಕನಿಗೆ ಈಗಲೇ ಕೇಳೋದಕ್ಕೆ ಬೇಕಾದಷ್ಟಿದೆ. ಬರೋರು ಕಾಮೆಂಟಿನಲ್ಲಿ ಹೆಸರು ಹಾಕಿ, ಊಟಕ್ಕೆ ಲೆಕ್ಕ ಬೇಕು.

ಜೈಭೀಮ್.