ಅಪ್ಪ ಕೊಟ್ಟ ಜೀನು, ತಂಗಿಯ ಮಾತ್ರೆ

ನಮ್ಮನೇಲಿ ಶುಗರ್ ಹೊಸ ಸುದ್ದಿಯೇನಲ್ಲ. ಅಜ್ಜಿಗಿತ್ತು, ಅಪ್ಪನಿಗಿದೆ, 26ಕ್ಕೆ ನನಗೂ ಬಂತು. ಆದರೆ ಮೂವರೂ ಸಣಕಲರು, ಮೂವರಿಗೂ ಚಿಕ್ಕ ವಯಸ್ಸಲ್ಲೇ ಬಂದದ್ದು. ಡಾಕ್ಟರಿಗೆ ಅನುಮಾನ ಬಂದು ಜೀನ್ ಟೆಸ್ಟ್ ಬರೆದುಕೊಟ್ಟರು. ರಿಪೋರ್ಟಲ್ಲಿ ಮೋಡಿ-3 ಅಂತಿತ್ತು. (ಮಾಟಮಂತ್ರದ ಮೋಡಿಯಲ್ಲ, ವಂಶದಲ್ಲಿ ಇಳಿದುಬರೋ ಒಂದು ಜಾತಿಯ ಡಯಾಬಿಟಿಸ್.) ಚಿಕ್ಕ ಡೋಸಿನ ಗ್ಲಿಕ್ಲಜೈಡ್‌ಗೇ ಶುಗರ್ ತೆಪ್ಪಗಾಯಿತು.

ತಲೆಗೆ ಹುಳ ಬಿಟ್ಟದ್ದು ಡಾಕ್ಟರು ಎದ್ದು ಹೊರಡುವಾಗ ಹೇಳಿದ ಮಾತು: "ಒಮ್ಮೆ ಲಿವರ್ ಸ್ಕ್ಯಾನ್ ಮಾಡಿಸಿಬಿಡಿ."

ಶುಗರ್‌ಗೂ ಲಿವರ್‌ಗೂ ಎಲ್ಲಿಂದೆಲ್ಲಿಗೆ? ನಂಟು ಇರೋದು ಎಚ್‌ಎನ್‌ಎಫ್‌1ಎ ಅನ್ನೋ ಜೀನಿನಲ್ಲಿ. ಪ್ಯಾಂಕ್ರಿಯಾಸ್, ಲಿವರ್ ಎರಡರಲ್ಲೂ ಬೇರೆ ಜೀನುಗಳಿಂದ ಕೆಲಸ ತೆಗೆಸುವ ಮೇಸ್ತ್ರಿ ಇದು. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು. ಒಂದು ಕೆಟ್ಟರೆ ಮೋಡಿ-3 ಅನ್ನೋದು 1996ರಲ್ಲಿ ಗೊತ್ತಾಯಿತು. 2002ರಲ್ಲಿ ಪ್ಯಾರಿಸ್‌ನ ಜೆಸ್ಸಿಕಾ ಜುಕ್ಮನ್-ರೋಸಿ ಅವರ ತಂಡ, ಅಡಿನೋಮಾ ಎಂಬ ಲಿವರ್ ಗಡ್ಡೆಗಳಲ್ಲಿ (ಕ್ಯಾನ್ಸರ್ ಅಲ್ಲ) ಇದೇ ಜೀನಿನ ಎರಡೂ ಪ್ರತಿ ಹಾಳಾಗಿರುವುದನ್ನು ತೋರಿಸಿತು. ಬಹುಪಾಲು ಜನಕ್ಕೆ ಎರಡೂ ಪ್ರತಿ ಆ ಗಡ್ಡೆಯ ಜೀವಕೋಶಗಳಲ್ಲೇ, ಆಮೇಲೆ ಕೆಟ್ಟದ್ದು. ನನ್ನಂಥವರಿಗೆ ಒಂದು ಹುಟ್ಟುವಾಗಲೇ ಕೆಟ್ಟಿರುತ್ತೆ.

2010ರಲ್ಲಿ ಎರಡೂ ಕಾಯಿಲೆಯ ತಪ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಂದೇ ಜೀನಲ್ವಾ, ತಪ್ಪುಗಳೂ ಒಂದೇ ಥರ ಇರಬೇಕು ಅನ್ಕೋತೀವಿ. ಇರಲಿಲ್ಲ. 291ನೇ ಜಾಗದ ಹತ್ತಿರ ಎಂಟು 'ಸಿ' ಅಕ್ಷರ ಸಾಲಾಗಿ ಕೂತಿವೆ. ನಕಲಾಗುವಾಗ ಅಲ್ಲಿ ಒಂಬತ್ತನೆಯದು ನುಸುಳಿಬಿಡುತ್ತೆ. ಮೋಡಿಯ ಹೆಸರಾಂತ ತಪ್ಪೇ ಅದು, ಗಡ್ಡೆಗಳಲ್ಲೂ ಸಿಗುತ್ತೆ. ಆದರೆ ಗಡ್ಡೆಗಳಲ್ಲಿ 206ನೇ ಜಾಗಕ್ಕೂ ಪೆಟ್ಟು ಜಾಸ್ತಿ, 'ಜಿ' ಇದ್ದಲ್ಲಿ 'ಟಿ' ಬಂದಿರೋದೂ ಜಾಸ್ತಿ. ಇಂಥ ಅದಲುಬದಲು ಡಿಎನ್‌ಎಗೆ ಯಾವುದೋ ವಿಷ ತಾಗಿದ್ದರ ಗುರುತಿರಬಹುದು. ಬೂಸ್ಟು ಹಿಡಿದ ಕಡಲೆಕಾಯಿಯ ಅಫ್ಲಾಟಾಕ್ಸಿನ್, ಲಿವರ್ ಕ್ಯಾನ್ಸರಿನಲ್ಲಿ ಬೇರೊಂದು ಜೀನಿನ ಮೇಲೆ ಬಿಡೋದೂ ಇಂಥದ್ದೇ ಗುರುತು.

ಅಂದರೆ ಅಪ್ಪನಿಂದ ಬಂದದ್ದಕ್ಕೆ ಯಾರನ್ನೂ ಬೈಯೋ ಹಾಗಿಲ್ಲ. ಇನ್ನೊಂದು ಪ್ರತಿಯ ಗತಿ ಮಾತ್ರ ಹೊರಗಿನಿಂದ ಒಳಗೆ ಏನು ಹೋಗುತ್ತೆ ಅನ್ನೋದರ ಮೇಲೂ ಇರಬಹುದು.

ನನ್ನ ಸ್ಕ್ಯಾನ್ ಕ್ಲೀನ್ ಬಂತು. ಮೋಡಿ ಇದ್ದವರಲ್ಲೂ ಈ ಗಡ್ಡೆ ಅಪರೂಪ. ಆದರೆ ತಂಗಿಗೂ ಆ ಜೀನು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅಡಿನೋಮಾ ಹೆಚ್ಚಾಗಿ ಬರೋದು ಹೆಂಗಸರಿಗೆ, ಈಸ್ಟ್ರೋಜೆನ್ ಇರೋ ಗರ್ಭನಿರೋಧಕ ಮಾತ್ರೆ ಜೊತೆಗೂ ಅದಕ್ಕೆ ನಂಟಿದೆ. ಪಿಸಿಓಡಿಗೆ ಅಂತ ಅವಳು ಮೂರು ವರ್ಷದಿಂದ ಅದನ್ನೇ ತಗೊಳ್ತಿದಾಳೆ.

ವಿಷಯ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದು ಕೇಳಿದಳು: "ಅಣ್ಣಾ, ಟೆಸ್ಟ್ ರಿಪೋರ್ಟ್ ಅಮ್ಮನಿಗೂ ತೋರಿಸಬೇಕಾ?"

ಬೇಡ ಅಂದೆ. ಶನಿವಾರ ರಕ್ತ ಕೊಡೋಕೆ ಹೋಗ್ತಿದೀವಿ.